ಕೀಲಿಕೈ ಹೊಸದು

ಮದ್ದಿನಂಗಡಿಯ ದೋದೋ ಏನೂ ಕೇಳಲಿಲ್ಲ.
ಪಿತ್ತಕ್ಕೆಂದು ಕೊಂಡ ಗುಳಿಗೆಯ ಪೊಟ್ಟಣದ ಹಿಂದೆ
ಪೆನ್ಸಿಲಿನಲ್ಲಿ ಗೀಚಿಕೊಟ್ಟಳು:
ಮಂಗಳವಾರ, ಸಂಜೆ ಏಳು.
ಬಿಳಿ ಸೇತುವೆ ದಾಟಿ ಎಡಕ್ಕೆ, ಕೀಲಿಕೈ ಅಂಗಡಿಯ ಮೇಲೆ.
ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿದಳು,
ನನ್ನ ಕೈನಡುಕ ನಿಲ್ಲಲಿ ಎಂದಿರಬೇಕು.

ಕುತೈಸಿಯಲ್ಲಿ ನನ್ನನ್ನು ಅರಿಯದವರಾರು?
ಇಪ್ಪತ್ತಾರು ವರ್ಷ ಈ ಊರಿನ ಮದುವೆಗಳಿಗೆ
ನಾನೇ ತಮಾದ,
ಪಂಕ್ತಿಯ ತಲೆಯಲ್ಲಿ ಕೂತು
ಮಾತಿಗೊಂದು ಬಟ್ಟಲು ಎತ್ತಿಸುವವನು.
ಮೊದಲು ದೇವರಿಗೆ, ಆಮೇಲೆ ಸತ್ತವರಿಗೆ,
ಸತ್ತವರ ಬೆನ್ನಿಗೇ ಮಕ್ಕಳಿಗೆ;
ದುಃಖದ ಮೇಲೆ ಹೆಚ್ಚು ಹೊತ್ತು ಕೂರಬಾರದು.
ಕೊಂಬಿನ ಬಟ್ಟಲಿಗೆ ಅಡಿಯಿಲ್ಲ,
ತುಂಬಿಕೊಟ್ಟರೆ ಬರಿದಾಗದೆ ಕೆಳಗಿಡುವಂತಿಲ್ಲ.
ನಾನೂ ಹಾಗೇ ಆದೆ ಎಂದರೆ
ಕೇಳಲು ಚೆನ್ನಾಗಿರುತ್ತದೆ.
ನಿಜ ಅಷ್ಟು ಚೆನ್ನಾಗಿಲ್ಲ:
ಕಡೆಕಡೆಗೆ ಕುಡಿದದ್ದು ಗ್ಯಾರೇಜಿನಲ್ಲಿ, ಜಾಮಿನ ಭರಣಿಯಲ್ಲಿ,
ಯಾರ ಹೆಸರೂ ಹೇಳದೆ.

ಆಗಸ್ಟಿನಲ್ಲಿ ವಾರ್ಲಾಮನ ಮಗಳ ಮದುವೆ.
ಸತ್ತವರನ್ನು ನೆನೆಯುತ್ತ ನೆನೆಯುತ್ತ
ವಾರ್ಲಾಮನ ಹೆಸರನ್ನೂ ಹೇಳಿಬಿಟ್ಟೆ.
ಅವನು ನನ್ನ ಬಲಕ್ಕೇ ಇದ್ದ, ಕೈಯಲ್ಲಿ ರೊಟ್ಟಿ ಹಿಡಿದು.
ಇದು ತಮಾಷೆಯೇನೋ ಎಂದು ಎಲ್ಲರೂ ಒಂದು ಕ್ಷಣ ಕಾದರು.
ಮದುಮಗಳು ಕಾಯಲಿಲ್ಲ.

ಮರುದಿನ ಲಮಾರಾ ತಂಗಿಯ ಮನೆಗೆ ಹೊರಟಳು.
ತನ್ನ ಕೀಲಿಕೈಯನ್ನು ಉಪ್ಪಿನ ಡಬ್ಬಿಯ ಮೇಲಿಟ್ಟಳು,
ನಾನು ದಿನಾ ಮುಟ್ಟುವ ಒಂದೇ ಡಬ್ಬಿ ಅದು.

ಮೊದಲ ಮಂಗಳವಾರ ಸೇತುವೆಯವರೆಗೆ ಹೋಗಿ
ರಿಯೋನಿ ಹೊಳೆಯ ಬಿಳಿಗಲ್ಲುಗಳನ್ನು ನೋಡಿ ಬಂದೆ.
ಎರಡನೆಯದರಲ್ಲಿ ಅಂಗಡಿ ಕಂಡಿತು;
ಪಕ್ಕದಲ್ಲಿ ಅರ್ಧ ಕಿಲೋ ಆಕ್ರೋಟು ಕೊಂಡು ತಿರುಗಿದೆ.
ಮೂರನೆಯದರಲ್ಲಿ ಎದುರಿನಿಂದ ಯಾರೋ
ಹೆಸರು ಹಿಡಿದು ಕೂಗಿದರು, ನಾನು ಅಂಗಡಿಗೆ ನುಗ್ಗಿದೆ.
ನುಗ್ಗಿದ ಮೇಲೆ ಏನಾದರೂ ಹೇಳಬೇಕಲ್ಲ.
ಮನೆಯ ಕೀಲಿಕೈ ತೆಗೆದು, "ಇಂಥದೇ ಇನ್ನೊಂದು" ಅಂದೆ.

"ಯಾರಿಗೆ?" ಅಂದ ಮುರ್ಮಾನ್.
ಊರಿಗೆಲ್ಲ ಮಾತು ಬಡಿಸಿದ ನಾಲಗೆ
ಆ ಮೂರಕ್ಷರಕ್ಕೆ ಒಣಗಿತು.
ಅವನು ಕಾಯಲಿಲ್ಲ; ಯಂತ್ರ ಕಿರುಚಿತು,
ಹಿತ್ತಾಳೆಯ ಪುಡಿ ಅವನ ತೋಳಿನ ರೋಮಕ್ಕೆ ಹತ್ತಿತು.
ಬಿಸಿ ಆರದ ಕೀಲಿಕೈಯನ್ನು ಅಂಗೈಗಿಟ್ಟು
ನನ್ನ ಇನ್ನೊಂದು ಕೈಯ ಪೊಟ್ಟಣ ನೋಡಿದ,
ದೋದೋಳ ಅಕ್ಷರ.
"ಇನ್ನೂ ಆರು ನಿಮಿಷವಿದೆ" ಎಂದು ಶಟರ್ ಎಳೆದ.
"ಮೂರನೆಯ ಮೆಟ್ಟಿಲು ಅಲುಗುತ್ತೆ, ನೋಡಿಕೊಂಡು ಬಾ.
ನಾನೂ ಅಲ್ಲಿಗೇ."

ಹನ್ನೊಂದು ಕುರ್ಚಿ, ಒಂದರಂತೆ ಒಂದಿಲ್ಲ.
ಅಭ್ಯಾಸಬಲದಿಂದ ತಲೆಯ ಜಾಗ ಹುಡುಕಿದೆ;
ದುಂಡಗೆ ಹಾಕಿದ್ದರು, ತಲೆಯೇ ಇರಲಿಲ್ಲ.
ಬಸ್ಸಿನ ಚಾಲಕ, ಕುಸ್ತಿಯ ಜಾಕೀಟು ತೊಟ್ಟ ಹುಡುಗ,
ಪಿಯಾನೋ ಕಲಿಸುವ ತ್ಸಿಯಾಲ. ಅವಳ ಬಳಿ
ನನ್ನ ಮಗಳು ಎರಡು ವರ್ಷ ಕಲಿತಿದ್ದಳು.
ಅವಳೂ ಗುರುತಿಸಿದಳು. ಇಬ್ಬರೂ ಚಹಾ ನೋಡಿದೆವು.

ಸರದಿ ಬಂತು. ಎದ್ದು ನಿಂತೆ.
ಚಹಾದ ಲೋಟ ಹಿಡಿದ ಕೈ ತಾನಾಗಿ ಮೇಲೇರಿತು,
ಎದೆಯ ಮಟ್ಟ, ಗದ್ದದ ಮಟ್ಟ.
"ಕೂತೇ ಹೇಳಬಹುದು" ಅಂದಳು ತ್ಸಿಯಾಲ.

ಕೂತೆ. "ನಾನು ಪಾರ್ಮೆನ್" ಅಂದೆ.
ಆಮೇಲೆ ಏನೂ ಇಲ್ಲ.
ಚಹಾದ ಕೆಟಲ್ ಟಕ್ಕೆಂದು ಆರಿತು.
ನನ್ನ ಪಂಕ್ತಿಯಲ್ಲಿ ಇಷ್ಟುದ್ದದ ಮೌನವನ್ನು
ನಾನೆಂದೂ ಬಿಟ್ಟವನಲ್ಲ.
ಇಲ್ಲಿ ಯಾರೂ ಅದನ್ನು ತುಂಬಲು ಬರಲಿಲ್ಲ.
"ನಿನ್ನೆಯಿಂದ" ಅಂದೆ.
ಕುಸ್ತಿಯ ಹುಡುಗ ನಿಂಬೆಯ ತಟ್ಟೆಯನ್ನು ನನ್ನ ಕಡೆ ತಳ್ಳಿದ.

ರಾತ್ರಿ, ಮನೆಯ ಕತ್ತಲ ಮೆಟ್ಟಿಲು.
ಜೇಬಿನಲ್ಲಿ ಹಳೆಯದಿದ್ದರೂ ಹೊಸದನ್ನೇ ಹಾಕಿದೆ.
ತಿರುಗಲಿಲ್ಲ. ಒತ್ತಬೇಡ ಎಂದಿದ್ದ ಮುರ್ಮಾನ್,
ಹಿಂದೆಮುಂದೆ ಆಡಿಸುತ್ತಿರು, ಒಂದೆರಡು ದಿನ ಬೇಕು.
ಕರಕರ ಸದ್ದಿಗೆ ಎದುರುಮನೆಯ ಬಾಗಿಲು ಬೆರಳಗಲ ತೆರೆಯಿತು.
ಎಷ್ಟು ರಾತ್ರಿ ಕೇಳಿದ್ದಾಳೋ ಅವಳು ಈ ಸದ್ದನ್ನು.

"ಇಲ್ಲ ಎತೇರಿ," ಅಂದೆ, "ಕೀಲಿಕೈ ಹೊಸದು."

ಬಾಗಿಲು ಮುಚ್ಚಲಿಲ್ಲ, ತೆರೆಯಲೂ ಇಲ್ಲ.
ಅದರ ಸಂದಿನ ಬೆಳಕಿನಲ್ಲಿ
ಮತ್ತೊಮ್ಮೆ ತಿರುಗಿಸಿದೆ.